ಕೈಯ ಮರೆಯ ದೀಪ

31 ಅಕ್ಟೋಬರ್ 2016, ಸೋಮವಾರ
ಮೈಸೂರು

ಇವತ್ತು ಬಲಿಪಾಡ್ಯಮಿ. ಸಂಜೆ ಅಮ್ಮ ಹೊಸಿಲ ಮುಂದೆ ಹಣತೆ ಇಡುತ್ತಿದ್ದಳು. ಗಾಳಿ ಸ್ವಲ್ಪ ಜಾಸ್ತಿ ಇತ್ತು. ಒಂದು ದೀಪ ಇನ್ನೇನು ಆರಬೇಕು ಅನ್ನುವಾಗ ಅಂಗೈ ಅಡ್ಡ ಹಿಡಿದಳು. ಬೆರಳುಗಳ ಅಂಚು ಕೆಂಪಗಾಯಿತು. ಎಣ್ಣೆ ಬಾಟಲಿ ಹಿಡಿದುಕೊಂಡಿದ್ದ ನಾನು ಹಾಗೇ ನಿಂತುಬಿಟ್ಟೆ. ಶುಕ್ರವಾರ ಜಗನ್ಮೋಹನ ಅರಮನೆಯಲ್ಲಿ ನೋಡಿ ಬಂದಿದ್ದು ಇದನ್ನೇ ಅಲ್ವಾ?

ಅಲ್ಲಿನ ದೀಪದ ಹೆಂಗಸಿನ ಚಿತ್ರ ಮೈಸೂರಿನವರಿಗೆ ಹೊಸದಲ್ಲ. ಶಾಲೆಯಲ್ಲಿದ್ದಾಗ ಸಾಲಾಗಿ ನಿಲ್ಲಿಸಿ ತೋರಿಸಿದ್ದರು. ಕತ್ತಲ ಕೋಣೆ, ಒಂದೇ ಚಿತ್ರ, ಮುಂದೆ ಗುಂಪು. ಬಹಳ ಜನ ಅದನ್ನು ರವಿವರ್ಮನದು ಅಂದುಕೊಂಡಿದ್ದಾರೆ. ಅದೇ ಕಟ್ಟಡದಲ್ಲಿ ರವಿವರ್ಮನ ಚಿತ್ರಗಳೂ ಇರುವುದರಿಂದ ಹಾಗಾಗಿರಬೇಕು. ಬರೆದವರು ಎಸ್.ಎಲ್. ಹಲ್ದಂಕರ್. ಸಾವಂತವಾಡಿಯಲ್ಲಿ 1882ರಲ್ಲಿ ಹುಟ್ಟಿ, ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತವರು. ಇದನ್ನು ಬರೆದದ್ದು 1945-46ರ ಹೊತ್ತಿಗೆ. ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ದೀಪಾವಳಿಯಲ್ಲಿ ಮಗಳು ದೀಪ ಹಿಡಿದಿದ್ದನ್ನು ನೋಡಿಯೇ ಅವರಿಗೆ ಈ ಚಿತ್ರ ಹೊಳೆಯಿತು ಅಂತ ಹೇಳುತ್ತಾರೆ.

ಶುಕ್ರವಾರ ಅಮ್ಮನೂ ಬಂದಿದ್ದಳು. ತುಂಬ ಹೊತ್ತು ನೋಡಿ ಮೆಲ್ಲಗೆ ಕೇಳಿದಳು: "ಹಿಂದುಗಡೆ ಬಲ್ಬ್ ಏನಾದ್ರೂ ಇಟ್ಟಿದಾರಾ?"

ಬಲ್ಬ್ ಇಲ್ಲ. ಅಲ್ಲಿರುವುದು ಕಾಗದ, ನೀರು, ಬಣ್ಣ. ಅಷ್ಟೇ. ಇದು ತೈಲವರ್ಣವಲ್ಲ, ಜಲವರ್ಣ. ಕಳೆದ ಎರಡು ವರ್ಷದಿಂದ ಭಾನುವಾರ ಬೆಳಿಗ್ಗೆ ಜಲವರ್ಣ ಕಲಿಯುತ್ತಿದ್ದೇನೆ. ಹಾಗಾಗಿ ಈ ಸಲ ಆ ಚಿತ್ರದ ಮುಂದೆ ನಿಂತಾಗ ಮೈ ಜುಮ್ ಅಂದಿತು. ಎಣ್ಣೆಬಣ್ಣದಲ್ಲಾದರೆ ಮೊದಲು ಕತ್ತಲು ಬಳಿದು, ಕೊನೆಗೆ ಅದರ ಮೇಲೆ ದಪ್ಪಗೆ ಹಳದಿ, ಬಿಳಿ ಇಡಬಹುದು. ಜಲವರ್ಣದಲ್ಲಿ ದಾರಿ ತಿರುವುಮುರುವು. ಬಣ್ಣ ತೆಳು, ಗಾಜಿನ ಹಾಗೆ. ಬೆಳಕು ಬಣ್ಣದೊಳಗೆ ಇಳಿದು, ಕೆಳಗಿನ ಬಿಳಿ ಕಾಗದಕ್ಕೆ ತಾಗಿ, ಮತ್ತೆ ಬಣ್ಣದ ಮೂಲಕವೇ ನಮ್ಮ ಕಣ್ಣಿಗೆ ಬರುತ್ತದೆ. ಅಂದರೆ ಅಮ್ಮ ಕೇಳಿದ ಬಲ್ಬ್ ನಿಜವಾಗಿ ಆ ಕಾಗದವೇ. ಎಲ್ಲಿ ಹೆಚ್ಚು ಬೆಳಕು ಬೇಕೋ ಅಲ್ಲಿ ಕಡಿಮೆ ಬಣ್ಣ ಹಾಕಬೇಕು. ಆ ಜಾಗ ಯಾವುದು ಅಂತ ಮೊದಲನೇ ದಿನವೇ ಗೊತ್ತಿರಬೇಕು. ಒಮ್ಮೆ ಕತ್ತಲು ಹರಿದುಬಂದರೆ ಬಿಳಿಯನ್ನು ಪೂರ್ತಿ ವಾಪಸ್ ತರಲು ಆಗುವುದಿಲ್ಲ.

ನಮ್ಮ ಮೇಷ್ಟ್ರು ಇದನ್ನೇ ಬೇರೆ ಥರ ಹೇಳುತ್ತಾರೆ. ನಾನು ಹೂವಿನ ದಳದ ಮೇಲೆ ಬಿಳಿ ಬಣ್ಣ ಹಚ್ಚಲು ಹೋದಾಗ ಕುಂಚ ಹಿಡಿದುಕೊಂಡು, "ಅಲ್ಲಿ ಏನೂ ಮಾಡ್ಬೇಡಿ, ಸುತ್ತ ಮಾಡಿ" ಅಂದಿದ್ದರು. ಆಗ ಅರ್ಥವಾಗಿರಲಿಲ್ಲ.

ಶನಿವಾರ ರಾತ್ರಿ ಒಂದು ಪ್ರಯೋಗ ಮಾಡಿದೆ. ನಮ್ಮ ಮನೆಯಲ್ಲಿ ಈ ಚಿತ್ರವಿರುವ ಹಳೇ ಕ್ಯಾಲೆಂಡರ್ ಹಾಳೆ ಒಂದಿದೆ. ಬಿಳಿ ಕಾಗದದಲ್ಲಿ ಕಡಲೆಕಾಳಿನಷ್ಟು ತೂತು ಮಾಡಿ, ಅದನ್ನು ಚಿತ್ರದ ಮೇಲಿಟ್ಟು ಮುಖದ ಹತ್ತಿರ ಸರಿಸಿದೆ. ತೂತಿನೊಳಗೆ ಕಂಡದ್ದು ಸಪ್ಪೆ ಹಳದಿ, ನಮ್ಮ ಅಡುಗೆಮನೆ ಗೋಡೆಯ ಬಣ್ಣ. ಸ್ವಲ್ಪವೂ ಹೊಳಪಿಲ್ಲ. ಕಾಗದ ತೆಗೆದೆ, ಮುಖ ಮತ್ತೆ ಬೆಳಗಿತು! ನಾಲ್ಕೈದು ಸಲ ಇಟ್ಟು ತೆಗೆದು ನೋಡಿದೆ. ಪ್ರತಿ ಸಲವೂ ಹಾಗೆಯೇ. ನಮ್ಮ ಕಣ್ಣು ಒಂದು ಬಣ್ಣವನ್ನು ಅದೊಂದನ್ನೇ ನೋಡಿ ಅಳೆಯುವುದಿಲ್ಲ, ಪಕ್ಕದಲ್ಲಿ ಏನಿದೆ ಅನ್ನುವುದರ ಮೇಲೆ ಅಳೆಯುತ್ತದೆ. ಸುತ್ತ ಕತ್ತಲಿದ್ದರೆ ಸಾಧಾರಣ ಹಳದಿಯೂ ಉರಿಯುತ್ತದೆ. ಸೀರೆಯ ನೇರಳೆ ಛಾಯೆಯೂ ಸುಮ್ನೆ ಬಂದದ್ದಲ್ಲ ಅನಿಸಿತು. ಹಳದಿಗೆ ಎದುರು ಬಣ್ಣ ನೇರಳೆ. ಎರಡೂ ಅಕ್ಕಪಕ್ಕ ನಿಂತರೆ ಒಂದು ಇನ್ನೊಂದನ್ನು ಎತ್ತಿ ಹಿಡಿಯುತ್ತದೆ.

ಆಮೇಲೆ ಆ ಕೈ. ಬೇರೆ ಚಿತ್ರಕಾರರಾಗಿದ್ದರೆ ದೀಪದ ಕುಡಿಯನ್ನು ನಮ್ಮೆದುರಿಗೇ ಇಟ್ಟು ತೋರಿಸುತ್ತಿದ್ದರೇನೋ. ಕಾಗದದ ಬಿಳಿಗೆ ನಿಜವಾದ ಜ್ವಾಲೆಯ ಜೊತೆ ಪೈಪೋಟಿ ಮಾಡುವ ಶಕ್ತಿ ಎಲ್ಲಿದೆ? ಹಲ್ದಂಕರ್ ಜ್ವಾಲೆಯನ್ನು ಕೈಯ ಮರೆಗೆ ಸರಿಸಿದರು. ಬೆರಳುಗಳಲ್ಲಿ ಕೆಂಪು ತುಂಬಿದರು. ಬೆರಳೊಳಗಿನ ರಕ್ತ ಹಸಿರು, ನೀಲಿ ಬೆಳಕನ್ನು ಹೀರಿಕೊಂಡು ಕೆಂಪನ್ನು ಮಾತ್ರ ಆಚೆ ಬಿಡುತ್ತದೆ, ಅದಕ್ಕೇ ದೀಪಕ್ಕೆ ಅಡ್ಡ ಹಿಡಿದ ಕೈ ಕೆಂಪಗೆ ಕಾಣುತ್ತದೆ. ಇದು ನಮ್ಮೆಲ್ಲರಿಗೂ ಚಿಕ್ಕಂದಿನಿಂದ ಗೊತ್ತು. ಕರೆಂಟ್ ಹೋದಾಗ ಟಾರ್ಚ್‌ ಮೇಲೆ ಅಂಗೈ ಇಟ್ಟು ಆಡಿಲ್ಲವೇ? ಆ ಕೆಂಪು ಕಂಡ ಕೂಡಲೇ ಹಿಂದೆ ದೀಪ ಉರಿಯುತ್ತಿದೆ ಅಂತ ಮನಸ್ಸೇ ಹೇಳುತ್ತದೆ. ಅವರು ಬರೆಯದೇ ಬಿಟ್ಟ ದೀಪವನ್ನು ನಾವು ಹಚ್ಚಿಕೊಳ್ಳುತ್ತೇವೆ. ನನಗೆ ಈ ಚಿತ್ರದಲ್ಲಿ ಎಲ್ಲಕ್ಕಿಂತ ದೊಡ್ಡದು ಅನಿಸುವುದು ಇದೇ.

ಅದೇ ಅರಮನೆಯ ಗೋಡೆಗಳ ಮೇಲೆ ಮೈಸೂರು ಶೈಲಿಯ ಚಿತ್ರಗಳೂ ಇವೆ. ಅರಮನೆ ಕಟ್ಟಿಸಿದ್ದು 1861ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರು. ಈ ಚಿತ್ರಕಲೆಗೆ ಅವರು ಕೊಟ್ಟ ಆಸರೆ ದೊಡ್ಡದು. ದೀಪದ ಕೋಣೆಯಿಂದ ಬಂದು ಇವನ್ನು ನೋಡಿದರೆ ಬೇರೊಂದು ಲೋಕ. ಇಲ್ಲಿ ನೆರಳಿನ ಆಟವಿಲ್ಲ. ಎಲ್ಲವೂ ಗೆರೆ. ಒಂದೆಳೆ ಗೆರೆ ಹಣೆಯಿಂದ ಹೊರಟು ಮೂಗು, ತುಟಿ, ಗದ್ದ ಸುತ್ತಿ ಬರುತ್ತದೆ, ಮುಖ ತುಂಬಿಕೊಳ್ಳುತ್ತದೆ. ಇಂಥ ಗೆರೆಗೆ ಹಿಂದಿನವರು ಅಳಿಲಿನ ಕೂದಲಿನ ಕುಂಚ ಬಳಸುತ್ತಿದ್ದರು.

ಈ ಶೈಲಿಯ ದೇವರ ಪಟಗಳಲ್ಲಿ ಚಿನ್ನದ ಕೆಲಸವೂ ಇರುತ್ತದೆ. ಒಡವೆ, ಸೀರೆಯಂಚು, ಕಿರೀಟ ಇರುವ ಕಡೆ ಸಫೇದಾ ಅನ್ನುವ ಬಿಳಿ ಪುಡಿ ಮತ್ತು ಗೋಂದಿನ ಮಿಶ್ರಣವನ್ನು ಕುಂಚದ ತುದಿಯಿಂದ ಒಂಚೂರೇ ಉಬ್ಬಿಸಿ, ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ತಂಜಾವೂರಿನ ಪಟಗಳಲ್ಲಿ ಉಬ್ಬು ಜಾಸ್ತಿ, ಹರಳುಗಳೂ ಇರುತ್ತವೆ. ನಮ್ಮಲ್ಲಿ ಉಬ್ಬು ನವಿರು. ನನಗೆ ಅದೇ ಇಷ್ಟ. ನಮ್ಮ ಅಜ್ಜಿ ಮನೆಯ ದೇವರ ಕೋಣೆಯಲ್ಲಿ ಇಂಥದೊಂದು ಲಕ್ಷ್ಮಿ ಪಟ ಇತ್ತು. ಹಗಲಿನಲ್ಲಿ ಚಿನ್ನ ಸುಮ್ಮನೆ ಹಳದಿ. ಸಂಜೆ ಅಜ್ಜಿ ದೀಪ ಹಚ್ಚಿ ಮಂಗಳಾರತಿ ಎತ್ತಿದರೆ ಕಿರೀಟದ ಒಂದೊಂದು ಉಬ್ಬೂ ಮಿಣುಕುತ್ತಿತ್ತು. ಆರತಿ ಸುತ್ತಿದಂತೆ ಮಿಣುಕೂ ಸುತ್ತುತ್ತಿತ್ತು. ಲಕ್ಷ್ಮಿ ಕಣ್ಣು ಮಿಟುಕಿಸಿದಳು ಅಂತ ನಾನು ಹೇಳಿದರೆ ಅಜ್ಜಿ ಹೌದು ಅನ್ನುತ್ತಿದ್ದಳು.

ಹಲ್ದಂಕರ್ ಚಿತ್ರ ದೀಪವನ್ನು ತನ್ನೊಳಗೇ ಇಟ್ಟುಕೊಂಡಿದೆ. ಅಜ್ಜಿ ಮನೆಯ ಪಟ ಹೊರಗಿನ ದೀಪಕ್ಕೆ ಕಾಯುತ್ತಿತ್ತು. ಟ್ಯೂಬ್‌ಲೈಟ್ ಕೆಳಗೆ ನೋಡಿದರೆ ಅದರ ಅರ್ಧ ಕೆಲಸ ನಮಗೆ ಕಾಣುವುದೇ ಇಲ್ಲ. ಈಗ ಆ ಪಟ ಚಿಕ್ಕಮ್ಮನ ಮನೆಯ ಹಾಲ್‌ನಲ್ಲಿದೆ. ಒಮ್ಮೆ ಟ್ಯೂಬ್‌ಲೈಟ್ ಆರಿಸಿ, ಆರತಿ ತಟ್ಟೆ ಹಿಡಿದು ನೋಡೋಣ ಅಂತ ಚಿಕ್ಕಮ್ಮನಿಗೆ ಹೇಳಬೇಕು.

ಇವತ್ತು ಊಟ ಆದ ಮೇಲೆ ನಾನೂ ಕೂತೆ. ಅಮ್ಮನ ಕೈ, ಹಣತೆ. ಮೊದಲನೆಯದರಲ್ಲಿ ಗಾಬರಿಯಿಂದ ಬೆರಳುಗಳ ಮೇಲೆ ಮೂರು ಸಲ ಕುಂಚ ಆಡಿಸಿದೆ, ಕೆಂಪು ಕೆಸರಾಯಿತು. ಎರಡನೆಯದರಲ್ಲಿ ಬೆರಳಂಚನ್ನು ಒಂದೇ ಸಲ ತೆಳುವಾಗಿ ಎಳೆದು ಬಿಟ್ಟೆ, ಆ ಕಡೆ ಮತ್ತೆ ಕೈ ಹಾಕಲಿಲ್ಲ. ಸುತ್ತ ಕತ್ತಲು ತುಂಬುವಾಗ ಕೈ ಹೆದರಿತು, ಬೂದು ಬಣ್ಣಕ್ಕೇ ನಿಂತಿತು. ಕೈ ಇದೆ, ಬೆಳಕಿಲ್ಲ.

ಅಮ್ಮ ಮಲಗುವ ಮುಂಚೆ ಬಂದು ನೋಡಿದಳು. "ನನ್ನ ಬಳೆ ಚೆನ್ನಾಗಿ ಬಂದಿದೆ" ಅಂದಳು. ಹಾಳೆ ಇನ್ನೂ ಒದ್ದೆ ಇದೆ. ಒಣಗಿದ ಮೇಲೆ ಮೂಲೆಯಿಂದ ಶುರು ಮಾಡಿ ಇನ್ನೊಂದು ಪದರ ಕಡುನೀಲಿ ಹಾಕುತ್ತೇನೆ, ಬೆರಳಿನ ಹತ್ತಿರದವರೆಗೂ.