‘ಆ ಕಾಲದಲ್ಲಿ ಇದೆಲ್ಲ ಇತ್ತಾ?’

ಇತ್ತು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಹೀಗೆ ಒಂದೇ ಮಾತಲ್ಲಿ ಉತ್ತರ ಕೊಟ್ಟಾಗಲೆಲ್ಲ ಎದುರಿಗಿದ್ದವರು ಮುಂದೇನೋ ಬರುತ್ತದೆ ಅಂತ ನನ್ನ ಮುಖವನ್ನೇ ನೋಡುತ್ತಾ ನಿಲ್ಲುತ್ತಾರೆ. ಹೇಳೀ ಹೇಳೀ ಬಾಯಿ ನೋವು ಬಂದಿದೆ. ಒಂದು ಸಲ ಕೂತು ಬರೆದುಬಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುವುದು.

ನಾನು ಬರೆಯುವುದು ಹದಿಹರೆಯದವರಿಗಾಗಿ ಐತಿಹಾಸಿಕ ಕಾದಂಬರಿ. ಅದರಲ್ಲಿ ಯುದ್ಧ ಇರುತ್ತದೆ, ಬರಗಾಲ ಇರುತ್ತದೆ, ಪ್ರೀತಿಯೂ ಇರುತ್ತದೆ. ಆ ಪ್ರೀತಿ ಕೆಲವೊಮ್ಮೆ ಇಬ್ಬರು ಹುಡುಗರ ನಡುವೆ, ಕೆಲವೊಮ್ಮೆ ಇಬ್ಬರು ಹುಡುಗಿಯರ ನಡುವೆ. ಯುದ್ಧದ ಬಗ್ಗೆ, ಬರದ ಬಗ್ಗೆ ಯಾರೂ ಏನೂ ಕೇಳುವುದಿಲ್ಲ. ಪ್ರೀತಿಯ ಬಗ್ಗೆ ಮಾತ್ರ ಕೇಳುತ್ತಾರೆ, ಅದೂ ಧ್ವನಿ ತಗ್ಗಿಸಿ: ‘ಅಲ್ಲ ಮೇಡಂ, ಆ ಕಾಲದಲ್ಲಿ ಇದೆಲ್ಲ ಇತ್ತಾ?’ ‘ಇದೆಲ್ಲ’ ಅನ್ನುವಾಗ ಕೈ ಗಾಳಿಯಲ್ಲಿ ಒಂದು ಸುತ್ತು ಹಾಕುತ್ತದೆ, ಸೊಳ್ಳೆ ಓಡಿಸುವ ಹಾಗೆ.

ಒಂದು ಗೋಷ್ಠಿಯಲ್ಲಿ ಆದದ್ದು ಕೇಳಿ. ನನಗಿಂತ ಮೊದಲು ಓದಿದವರ ಕಾದಂಬರಿಯಲ್ಲಿ ಹದಿನಾರರ ರಾಜಕುಮಾರಿ ಕೋಟೆಗೋಡೆಯ ಮೇಲಿಂದ ಕೆಳಗೆ ನಿಂತ ಕುದುರೆಯ ಬೆನ್ನಿಗೆ ಜಿಗಿದಳು. ಅವಳಿಗೂ ಏನೂ ಆಗಲಿಲ್ಲ, ಕುದುರೆಗೂ ಏನೂ ಆಗಲಿಲ್ಲ. ರಾತ್ರಿಯಿಡೀ ಓಡಿ ಬೆಳಗಾಗುವಷ್ಟರಲ್ಲಿ ಶತ್ರುವಿನ ಪಾಳೆಯ ಸೇರಿದಳು. ಅಲ್ಲಿ ಶತ್ರುರಾಜನ ಮಗನನ್ನು ನೋಡಿದ ಕ್ಷಣವೇ ಪ್ರೇಮ. ಸಭೆ ಚಪ್ಪಾಳೆ ತಟ್ಟಿತು. ಆಮೇಲೆ ನಾನು ಎದ್ದು ಇಬ್ಬರು ಲಿಪಿಕಾರ ಹುಡುಗರ ಒಂದು ಅಧ್ಯಾಯ ಓದಿದೆ. ಒಂದೇ ದೀಪದ ಬೆಳಕಿನಲ್ಲಿ ಇಬ್ಬರೂ ಪ್ರತಿ ಮಾಡುತ್ತಾ ಕೂತಿದ್ದಾರೆ, ಒಬ್ಬನಿಗೆ ಇನ್ನೊಬ್ಬನ ಅಕ್ಷರದ ಮೇಲೆ ಹೊಟ್ಟೆಕಿಚ್ಚು, ಆಮೇಲೆ ಅವನ ಮೇಲೇ ಮನಸ್ಸು. ಅಷ್ಟೇ. ಮೊದಲ ಸಾಲಿನ ಹಿರಿಯರೊಬ್ಬರು ಮೈಕು ಕೇಳಿ ಪಡೆದು, ‘ನಾನೇನೂ ವಿರೋಧಿಯಲ್ಲಮ್ಮ, ಆದರೆ ಇತಿಹಾಸಕ್ಕೆ ಅಪಚಾರ ಆಗಬಾರದು ನೋಡಿ. ಇದಕ್ಕೆ ಆಧಾರ ಏನು?’ ಅಂದರು.

ಕುದುರೆಗೆ ಆಧಾರ ಕೇಳಲಿಲ್ಲ ಪುಣ್ಯಾತ್ಮರು.

ಆಧಾರ ಬೇಕಲ್ಲವೇ? ತಗೊಳ್ಳಿ. ಪಾಣಿಪತ್ ಕದನ 1526 ಅಂತ ಬಾಯಿಪಾಠ ಮಾಡಿದವರೆಲ್ಲ ಬಾಬರನ ಹೆಸರು ಬಲ್ಲಿರಿ. ಆತ ಚಗತಾಯಿ ತುರ್ಕಿ ಭಾಷೆಯಲ್ಲಿ ತನ್ನ ಆತ್ಮಕಥೆ ಬರೆದಿಟ್ಟ. ಹದಿನಾರು ಹದಿನೇಳರ ಪ್ರಾಯದಲ್ಲಿ ಪಾಳೆಯದ ಬಜಾರಿನ ಹುಡುಗನೊಬ್ಬನ ಮೇಲೆ ತನಗೆ ಹುಚ್ಚು ಹಿಡಿದದ್ದನ್ನು ಅದರಲ್ಲಿ ಅವನೇ ಹೇಳುತ್ತಾನೆ. ಆ ಹುಡುಗನ ಹೆಸರು ಬಾಬುರಿ. ತಲೆಗೆ ಏನೂ ಇಲ್ಲದೆ, ಬರಿಗಾಲಲ್ಲಿ ಬೀದಿ ತೋಟ ಅಲೆದನಂತೆ. ಒಂದು ದಿನ ಗೆಳೆಯರ ಜೊತೆ ಗಲ್ಲಿಯಲ್ಲಿ ಹೋಗುವಾಗ ಬಾಬುರಿ ಎದುರೆದುರೇ ಬಂದುಬಿಟ್ಟ. ಇವನಿಗೆ ತಲೆಯೆತ್ತಿ ನೋಡಲಾಗಲಿಲ್ಲ, ಬಾಯಿಂದ ಒಂದು ಮಾತು ಹೊರಡಲಿಲ್ಲ. ಹೊಸದಾಗಿ ಮದುವೆಯಾಗಿದ್ದ ಹೆಂಡತಿಯ ಬಳಿ ಹೋಗದೆ ತಾಯಿಯಿಂದ ಬೈಸಿಕೊಳ್ಳುತ್ತಿದ್ದದ್ದೂ ಅದೇ ಪುಟಗಳಲ್ಲಿದೆ. ಇದನ್ನು ಯಾರೋ ಶತ್ರು ಬರೆದದ್ದಲ್ಲ. ಮೊಮ್ಮಗ ಅಕ್ಬರನ ಆಸ್ಥಾನದಲ್ಲಿ ಅಬ್ದುಲ್ ರಹೀಮ್ ಖಾನ್‌ಖಾನಾ ಇದನ್ನು ಪರ್ಷಿಯನ್‌ಗೆ ತಂದ. ಅಜ್ಜನ ಮಾನ ಹೋಯಿತು ಅಂತ ಯಾರೂ ಪುಟ ಹರಿಯಲಿಲ್ಲ.

ಇನ್ನೂ ಬೇಕಾ? 1533ರಲ್ಲಿ ಇಂಗ್ಲೆಂಡಿನ ಎಂಟನೇ ಹೆನ್ರಿ ಗಂಡಸರ ಈ ಸಂಬಂಧಕ್ಕೆ ಮರಣದಂಡನೆ ಅಂತ ಕಾನೂನು ತಂದ. ಇಲ್ಲದ ಜನಕ್ಕೆ ಕಾನೂನು ಮಾಡಲು ಅವನಿಗೇನು ಬೇರೆ ಕೆಲಸ ಇರಲಿಲ್ಲವೇ? ಪಾಪ, ಹೆಂಡತಿಯರ ವಿಚಾರವೇ ತಲೆತುಂಬ ಇತ್ತು ಅವನಿಗೆ. ಅಲ್ಲಿ ಮರಣದಂಡನೆ ಹೋದದ್ದು 1861ರಲ್ಲಿ. ಅದರ ಹಿಂದಿನ ವರ್ಷ, 1860ರಲ್ಲಿ, ಅವರೇ ಇಲ್ಲಿಗೆ ಈ ಸಂಬಂಧವನ್ನು ಅಪರಾಧ ಅನ್ನುವ ದಂಡಸಂಹಿತೆಯ 377ನೇ ಕಲಮು ಕೊಟ್ಟಿದ್ದರು; ಅದು ವಯಸ್ಕರ ತಂಟೆ ಬಿಡಲು 2018ರ ಸುಪ್ರೀಂ ಕೋರ್ಟ್ ತೀರ್ಪು ಬೇಕಾಯಿತು. ‘ಇದೆಲ್ಲ ಹೊರಗಿನಿಂದ ಬಂದದ್ದು’ ಅನ್ನುವವರಿಗೆ ಒಂದು ಮಾತು: ಹೊರಗಿನಿಂದ ಬಂದದ್ದು ಆ ಕಲಮು.

ಆದರೆ ನನಗೆ ಬಹಳ ಹತ್ತಿರವಾದ ಆಧಾರ ಇದ್ಯಾವುದೂ ಅಲ್ಲ. 1805ರ ಸುಮಾರಿಗೆ ಇಂಗ್ಲೆಂಡಿನ ಯಾರ್ಕ್ ನಗರದ ಒಂದು ಹೆಣ್ಣುಮಕ್ಕಳ ವಸತಿಶಾಲೆಯಲ್ಲಿ ಇಬ್ಬರನ್ನು ಮೇಲಿನ ಅಟ್ಟದ ಕೋಣೆಗೆ ಹಾಕಿದರು. ಒಬ್ಬಳು ಆನ್ ಲಿಸ್ಟರ್, ಹೇಳಿದ ಮಾತು ಕೇಳದ ಹುಡುಗಿ. ಇನ್ನೊಬ್ಬಳು ಎಲೈಜಾ ರೇನ್. ಅವಳು ಹುಟ್ಟಿದ್ದು ಮದ್ರಾಸಿನಲ್ಲಿ. ಅಪ್ಪ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ, ಅಮ್ಮ ಭಾರತದವಳು. ಇಬ್ಬರಿಗೂ ಹದಿನಾಲ್ಕೋ ಹದಿನೈದೋ. ಇಬ್ಬರಿಗೂ ಪ್ರೀತಿಯಾಯಿತು. ಬೇರೆಯವರಿಗೆ ತಿಳಿಯದ ಹಾಗೆ ಬರೆಯಲು ಗ್ರೀಕ್ ಅಕ್ಷರ, ಬೀಜಗಣಿತದ ಚಿಹ್ನೆ ಸೇರಿಸಿ ಗುಪ್ತಲಿಪಿಯೊಂದನ್ನು ಕಟ್ಟಿಕೊಂಡರು. 1806ರ ಆಗಸ್ಟ್ 11, ಸೋಮವಾರ, ‘ಎಲೈಜಾ ನಮ್ಮನ್ನು ಬಿಟ್ಟು ಹೊರಟಳು’ ಅಂತ ಆನ್ ಬರೆದಳು. ಅವಳ ದಿನಚರಿ ಶುರುವಾಗುವುದೇ ಆ ಸಾಲಿನಿಂದ. ಆಮೇಲೆ ಅದು ಹತ್ತಿರಹತ್ತಿರ 50 ಲಕ್ಷ ಪದಗಳಿಗೆ ಬೆಳೆಯಿತು. ಆರನೇ ಒಂದು ಭಾಗ ಗುಪ್ತಲಿಪಿಯಲ್ಲೇ ಇದೆ. ಐವತ್ತು ಲಕ್ಷ ಪದ! ನನ್ನ ಕಾದಂಬರಿ ಎಂಬತ್ತು ಸಾವಿರ ದಾಟಿದರೆ ಸಂಪಾದಕರು ಕತ್ತರಿ ಹಿಡಿದು ಬರುತ್ತಾರೆ.

ಅದು ಬೆಳಕಿಗೆ ಬಂದ ರೀತಿಯೂ ಒಂದು ಕಾದಂಬರಿಯೇ. ಹತ್ತೊಂಬತ್ತನೇ ಶತಮಾನದ ಕೊನೆಗೆ ಆ ಮನೆತನದ ಜಾನ್ ಲಿಸ್ಟರ್ ಮತ್ತು ಅವನ ಗೆಳೆಯ ಆರ್ಥರ್ ಬರೆಲ್ ಕೂತು ಲಿಪಿ ಒಡೆದರು. ‘ದೇವರಲ್ಲಿ ನನ್ನ’ ಅಂತ ಬರೆದಿದ್ದ ಒಂದು ಚೀಟಿಯಲ್ಲಿ ಅದರ ಮುಂದೆ ಗುಪ್ತಲಿಪಿಯ ನಾಲ್ಕಕ್ಷರ ಇತ್ತು. ಅದು ಇಂಗ್ಲಿಷಿನ ‘ಹೋಪ್’, ಅಂದರೆ ಭರವಸೆ, ಇರಬೇಕು ಅಂತ ಹೊಳೆದದ್ದೇ, ಉಳಿದದ್ದು ಸರಸರ ಬಿಚ್ಚಿಕೊಂಡಿತು. ಬಿಚ್ಚಿಕೊಂಡದ್ದನ್ನು ಓದಿ ಇಬ್ಬರಿಗೂ ಬೆವರು. ಸುಟ್ಟುಬಿಡು ಅಂದ ಬರೆಲ್. ಜಾನ್ ಸುಡಲಿಲ್ಲ. ಮನೆಯ ಗೋಡೆಯ ಹಲಗೆಯ ಹಿಂದೆ ಬಚ್ಚಿಟ್ಟ. ಹೆಲೆನಾ ವಿಟ್‌ಬ್ರೆಡ್ ಅದರ ಆಯ್ದ ಭಾಗ ಪ್ರಕಟಿಸಿದ್ದು 1988ರಲ್ಲಿ. ಅವತ್ತು ಜಾನ್ ಗೆಳೆಯನ ಮಾತು ಕೇಳಿದ್ದರೆ ಇವತ್ತು ನೀವು ‘ಆಧಾರ ಏನು’ ಅಂತ ಕೇಳಿದಾಗ ನಾನು ಬಾಯಿ ಮುಚ್ಚಿಕೊಂಡು ಕೂರಬೇಕಿತ್ತು. ಬರೆಲ್‌ನಂಥವರ ಮಾತು ಕೇಳಿ ಒಲೆಗೆ ಹಾಕಿದವರ ಲೆಕ್ಕ ಯಾರಿಗೆ ಗೊತ್ತು?

ಇಲ್ಲಿಗೆ ನಿಮ್ಮ ಪ್ರಶ್ನೆಗೆ ಉತ್ತರ ಮುಗಿಯಿತು. ಇನ್ನು ನೀವು ಕೇಳಬೇಕಾಗಿದ್ದ ಪ್ರಶ್ನೆ.

‘ಅವರಿಗೆ ಬಾಗಿಲಿತ್ತಾ?’ ಅಂತ ಕೇಳಿ. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಬಾಗಿಲು. ನಾನು ಯಾವ ಶತಮಾನದ ಕಥೆ ಹಿಡಿದರೂ ಮೊದಲು ಹುಡುಕುವುದು ಅದನ್ನೇ. ಆನ್ ಲಿಸ್ಟರ್‌ಗೆ ಶಿಬ್ಡೆನ್ ಹಾಲ್ ಎಂಬ ಮನೆಯಿತ್ತು, ಎಸ್ಟೇಟಿತ್ತು, ಕಲ್ಲಿದ್ದಲ ಗಣಿಯಿತ್ತು. ಅವಳು ದಿನಚರಿ ಬರೆದಳು. ಬಾಬರನಿಗೆ ಡೇರೆಯಿತ್ತು, ಕಾವಲಿತ್ತು, ಅವನೂ ಬರೆದ. ಬಾಬುರಿ ಏನಂದುಕೊಂಡ? ರಾಜನೊಬ್ಬ ಗಲ್ಲಿಯಲ್ಲಿ ಕೆಂಪಾಗಿ ನಿಂತಾಗ ಆ ಬಜಾರಿನ ಹುಡುಗನಿಗೆ ನಗು ಬಂತೋ, ಭಯವಾಯಿತೋ? ಒಂದು ಸಾಲೂ ಇಲ್ಲ.

ಬಾಗಿಲು ಇಲ್ಲದವರದೂ ಒಂದು ದಾಖಲೆ ಸಿಗುತ್ತದೆ. ಕೋರ್ಟಿನ ಕಡತದಲ್ಲಿ. 1835ರ ಆಗಸ್ಟಿನಲ್ಲಿ ಲಂಡನ್ನಿನ ಸದರ್ಕ್‌ನಲ್ಲಿ ವಿಲಿಯಂ ಬೊನೆಲ್ ಎಂಬ ಮುದುಕನ ಬಾಡಿಗೆ ಕೋಣೆಗೆ ಇಬ್ಬರು ಬಂದರು: ಜೇಮ್ಸ್ ಪ್ರ್ಯಾಟ್, ಜಾನ್ ಸ್ಮಿತ್. ಇಬ್ಬರೂ ಕೂಲಿನಾಲಿಯವರು. ಮನೆ ಮಾಲೀಕ ಪಕ್ಕದ ಕುದುರೆ ಲಾಯದ ಅಟ್ಟ ಹತ್ತಿ ಇಣುಕಿದ. ಇಳಿದು ಬಂದು ಬೀಗದ ಕಿಂಡಿಗೆ ಕಣ್ಣಿಟ್ಟ. ಅವನ ಹೆಂಡತಿಯೂ ಇಟ್ಟಳು. ನವೆಂಬರ್ 27ಕ್ಕೆ ನ್ಯೂಗೇಟ್ ಜೈಲಿನೆದುರು ಇಬ್ಬರನ್ನೂ ನೇಣಿಗೆ ಹಾಕಿದರು. ಮುದುಕನನ್ನು ಗಡೀಪಾರು ಮಾಡಿ ಹಡಗು ಹತ್ತಿಸಿದರು. ಇವರನ್ನು ವಿಚಾರಣೆಗೆ ಕಳಿಸಿದ್ದ ಮ್ಯಾಜಿಸ್ಟ್ರೇಟ್ ಹೆನ್ಸ್‌ಲೀ ವೆಜ್‌ವುಡ್ ಆಮೇಲೆ ಸರ್ಕಾರಕ್ಕೆ ಕಾಗದ ಬರೆದು ಶಿಕ್ಷೆ ಇಳಿಸಿ ಅಂತ ಕೇಳಿಕೊಂಡ. ಈ ಕೆಲಸವನ್ನು ಶ್ರೀಮಂತರೂ ಮಾಡುತ್ತಾರೆ, ಆದರೆ ಸ್ವಲ್ಪ ದುಡ್ಡು ಖರ್ಚು ಮಾಡಿದರೆ ಮರೆ ಸಿಗುವುದರಿಂದ ಅವರು ಸಿಕ್ಕಿಬೀಳುವುದೇ ಇಲ್ಲ ಎಂಬುದು ಅವನ ವಾದ. ಸರ್ಕಾರ ಕೇಳಲಿಲ್ಲ. ಇಂಗ್ಲೆಂಡಿನಲ್ಲಿ ಈ ಕಾರಣಕ್ಕೆ ನೇಣಿಗೇರಿದ ಕೊನೆಯವರು ಅವರಿಬ್ಬರು.

ಒಂದು ಕಡೆ ಸ್ವಂತ ಮನೆಯವರ ದಿನಚರಿ, ಇನ್ನೊಂದು ಕಡೆ ಬೀಗದ ಕಿಂಡಿಗೆ ಸಿಕ್ಕವರ ಕಡತ. ದಿನಚರಿ ಬರೆಯಲು ಬಾರದ, ಯಾರ ಕಣ್ಣಿಗೂ ಬೀಳದ, ಬದುಕಿ ಮುಗಿಸಿ ಹೋದವರು ಇವೆರಡರ ಮಧ್ಯೆ ಇದ್ದಾರೆ. ನನ್ನ ಕಾದಂಬರಿ ಅವರದು. ಅವರಿಗೆ ಆಧಾರ ತನ್ನಿ ಅಂದರೆ ಎಲ್ಲಿಂದ ತರಲಿ? ಸಿಕ್ಕಿಬೀಳದೆ ಇದ್ದದ್ದೇ ಅವರ ಜಾಣತನ.

ಬಾಗಿಲಿನ ಲೆಕ್ಕ ಹಾಕುತ್ತಾ ಹೋದರೆ ತಮಾಷೆಯ ಸಂಗತಿಗಳೂ ಸಿಗುತ್ತವೆ. ಹುಡುಗ ಹುಡುಗಿ ಅರ್ಧ ಗಂಟೆ ಒಂಟಿಯಾಗಿ ಕೂತರೆ ಮನೆತನದ ಮಾನ ಹೋಗುತ್ತಿದ್ದ ಕಾಲದಲ್ಲಿ ಇಬ್ಬರು ಹುಡುಗಿಯರು ಒಂದೇ ಕೋಣೆಯಲ್ಲಿ ವರ್ಷಗಟ್ಟಲೆ ಇದ್ದರೆ ‘ಎಂಥ ಸ್ನೇಹ!’ ಅನ್ನುತ್ತಿದ್ದರು. ರಾಜಕುಮಾರಿಯನ್ನು ರಾಜಕುಮಾರನ ಹತ್ತಿರ ತರಲು ಬರಹಗಾರರು ಕೋಟೆಯಿಂದ ಹಾರಿಸಬೇಕು. ನನಗೆ ಆ ಕಷ್ಟವೇ ಇಲ್ಲ. ನನ್ನ ಕಷ್ಟ ಬೇರೆ. ಅವರು ಏನು ಮಾತಾಡುತ್ತಾರೆ? ಈ ಬಗೆಯ ಎಷ್ಟೋ ಕಾದಂಬರಿಗಳಲ್ಲಿ ಮುನ್ನೂರು ವರ್ಷ ಹಿಂದಿನ ಹುಡುಗ ಈಗಿನ ಆಪ್ತಸಮಾಲೋಚಕರ ಹಾಗೆ ‘ನನ್ನ ಅಸ್ಮಿತೆಯನ್ನು ನಾನು ಒಪ್ಪಿಕೊಂಡಿದ್ದೇನೆ’ ಅನ್ನುತ್ತಾನೆ. ಓದಿದರೆ ಮೈ ಉರಿಯುತ್ತದೆ. ಇತಿಹಾಸಕ್ಕೆ ಅಪಚಾರ ಅಂದರೆ ಅದು, ಪ್ರೇಮ ಅಲ್ಲ. ಆ ಹುಡುಗ ತನ್ನ ಕಾಲದ ದೇವರಿಗೆ ಹೆದರಬೇಕು, ತನ್ನ ಕಾಲದ ಬೈಗುಳ ಬೈಯಬೇಕು. ಮದುವೆಗೆ ಹುಡುಗಿ ಗೊತ್ತಾದಾಗ ಒಪ್ಪಿಕೊಂಡರೂ ಒಪ್ಪಿಕೊಳ್ಳಬಹುದು.

‘ಮಕ್ಕಳಿಗೆ ಇದೆಲ್ಲ ಯಾಕೆ?’ ಅನ್ನುವವರೂ ಇದ್ದಾರೆ. ಯುದ್ಧದಲ್ಲಿ ತಲೆ ಕಡಿಯುವ ಅಧ್ಯಾಯ ಓದಬಹುದಾದ ಮಗು ಇಬ್ಬರು ಕೈ ಹಿಡಿದುಕೊಳ್ಳುವ ಅಧ್ಯಾಯವನ್ನೂ ಓದಬಹುದು. ಮುಂದಿನ ಪ್ರಶ್ನೆ.

ಮುಂದಿನ ಪ್ರಶ್ನೆ ಓದುವ ಮಕ್ಕಳದೇ. ಅವರು ಆಧಾರ ಕೇಳುವುದಿಲ್ಲ. ‘ಕೊನೇಲಿ ಸಾಯಲ್ಲ ತಾನೇ? ಸಾಯೋದಾದ್ರೆ ಈಗ್ಲೇ ಹೇಳ್ಬಿಡಿ, ನಾನು ತಗೊಳ್ಳಲ್ಲ’ ಅಂತ ಒಬ್ಬಳು ಮುಖಕ್ಕೆ ಹೊಡೆದ ಹಾಗೆ ಕೇಳಿದಳು. ಅವಳು ಕೇಳಿದ್ದರಲ್ಲಿ ತಪ್ಪೇನಿಲ್ಲ. ಅಮೆರಿಕದಲ್ಲಿ 1969ರಲ್ಲಿ ಜಾನ್ ಡೊನೊವನ್ ಹದಿಹರೆಯದವರಿಗಾಗಿ ಇಬ್ಬರು ಹುಡುಗರ ಕಥೆ ಬರೆದರು; ಹುಡುಗರು ಮುತ್ತಿಟ್ಟುಕೊಂಡರು, ಕಾರಿನಡಿ ಸಿಕ್ಕಿ ಸಾಕುನಾಯಿ ಸತ್ತಿತು, ತಾನು ಮಾಡಿದ್ದಕ್ಕೇ ಹೀಗಾಯಿತು ಅಂತ ಹುಡುಗ ಕೊರಗಿದ. ಅದಕ್ಕೂ ಹಿಂದೆ, 1913–14ರಲ್ಲಿ, ಇಂಗ್ಲೆಂಡಿನ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ ‘ಮಾರಿಸ್’ ಬರೆದು ಇಬ್ಬರು ಗಂಡಸರನ್ನು ಸುಖವಾಗಿ ಒಟ್ಟಿಗೆ ಬಿಟ್ಟ. ಒಬ್ಬ ನೇಣಿಗೆ ಬಿದ್ದಿದ್ದರೆ ಪ್ರಕಟಿಸುವುದು ಸುಲಭವಾಗುತ್ತಿತ್ತು ಎಂಬ ಅರ್ಥದ ಮಾತನ್ನು ಆಮೇಲೆ ಅವನೇ ಬರೆದಿದ್ದಾನೆ. ಪುಸ್ತಕ ಹೊರಬಂದದ್ದು 1971ರಲ್ಲಿ. ಅಷ್ಟರಲ್ಲಿ ಅವನೇ ತೀರಿಕೊಂಡಿದ್ದ.

ಎಲೈಜಾ ರೇನ್‌ಳ ನಿಜವಾದ ಕೊನೆ ಚೆನ್ನಾಗಿಲ್ಲ. ಆನ್ ಬೇರೆಯವರ ಕಡೆ ತಿರುಗಿದಳು; 1814ರಲ್ಲಿ ಎಲೈಜಾಳನ್ನು ಮಾನಸಿಕ ರೋಗಿಗಳ ಮನೆಗೆ ಸೇರಿಸಿದರು, 1860ರಲ್ಲಿ ಸಾಯುವವರೆಗೂ ಅವಳು ಇನ್ನೊಬ್ಬರ ಸುಪರ್ದಿಯಲ್ಲೇ ಇದ್ದಳು. ಅವಳ ಕಥೆ ಬರೆದರೆ ನಾನು ಅದನ್ನು ಬದಲಾಯಿಸುವುದಿಲ್ಲ. ಆದರೆ ಅದೊಂದೇ ಕೊನೆಯಲ್ಲ. ಎಲೀನರ್ ಬಟ್ಲರ್ ಮತ್ತು ಸಾರಾ ಪಾನ್‌ಸನ್‌ಬಿ 1778ರಲ್ಲಿ ಗಂಡಸರ ಬಟ್ಟೆ ತೊಟ್ಟು ಐರ್ಲೆಂಡಿನಿಂದ ಓಡಿಹೋಗಲು ನೋಡಿದರು. ಮನೆಯವರು ಹಿಡಿದು ತಂದರು. ಕೂಡಿಹಾಕಿ ಬುದ್ಧಿ ಹೇಳಿದರು. ಕೊನೆಗೆ ಸಾಕಾಗಿ ಹೋಗ್ರಮ್ಮ ಅಂತ ಬಿಟ್ಟರು. ಇಬ್ಬರೂ ವೇಲ್ಸಿನ ಲ್ಯಾಂಗೋಲೆನ್‌ನಲ್ಲಿ ಒಂದು ಮನೆ ಹಿಡಿದು ಹತ್ತಿರಹತ್ತಿರ ಐವತ್ತು ವರ್ಷ ಸಂಸಾರ ಮಾಡಿದರು. ಕೈಯಲ್ಲಿ ದುಡ್ಡು ನಿಲ್ಲುತ್ತಿರಲಿಲ್ಲ, ಸಾಲ ಇತ್ತು, ತೋಟ ಇತ್ತು. ಕವಿ ವರ್ಡ್ಸ್‌ವರ್ತ್ ಬಂದು ಹೋದ, ಡ್ಯೂಕ್ ಆಫ್ ವೆಲಿಂಗ್ಟನ್ ಬಂದು ಹೋದ, 1822ರಲ್ಲಿ ಸ್ವತಃ ಆನ್ ಲಿಸ್ಟರ್ ಕುತೂಹಲ ತಡೆಯಲಾರದೆ ನೋಡಿಕೊಂಡು ಹೋದಳು.

ಹಾಗಾಗಿ ಆ ಹುಡುಗಿಗೆ ಧೈರ್ಯವಾಗಿ ಹೇಳಿದೆ: ಸಾಯಲ್ಲಮ್ಮ, ತಗೋ. ಈಗ ಬರೆಯುತ್ತಿರುವುದರಲ್ಲೂ ಸಾಯುವುದಿಲ್ಲ. ಕೊನೆಯ ಅಧ್ಯಾಯದಲ್ಲಿ ಇಬ್ಬರೂ ಅರವತ್ತು ದಾಟಿದ ಮುದುಕಿಯರು. ಬಾಡಿಗೆ ಕಟ್ಟುವ ವಿಚಾರಕ್ಕೆ ಜಗಳ ಆಡುತ್ತಿದ್ದಾರೆ. ಹದಿಹರೆಯದವರ ಪುಸ್ತಕದಲ್ಲಿ ಮುದುಕಿಯರು ಯಾರಿಗೆ ಬೇಕು ಅಂತ ಸಂಪಾದಕರು ಕೇಳಿದ್ದಾರೆ. ಅದಕ್ಕೂ ಒಂದು ಉತ್ತರ ಬರೆಯಬೇಕು, ಇವತ್ತಲ್ಲ.