ಬೆಳಗಿನ ಜಾವ ಮೀನು ಬಾಯಿ ಬಿಡುವುದೇಕೆ? ಕೃಷಿ ಹೊಂಡದ ಇಂಗಾಲ–ಆಮ್ಲಜನಕದ ಲೆಕ್ಕ

ಕೃಷಿ ಹೊಂಡಕ್ಕೆ ಬಿಟ್ಟ ಕಾಟ್ಲಾ, ರೋಹು ಬೆಳಗಿನ ಜಾವ ಐದೂವರೆಗೆಲ್ಲ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ, ಪಾಪ ಹಸಿವೆಂದು ಹಿಂಡಿ ಎರಚುವವರಿದ್ದಾರೆ. ಒಂಬತ್ತರ ಹೊತ್ತಿಗೆ ಅವೇ ಮೀನು ಏನೂ ಆಗಿಲ್ಲವೆಂಬಂತೆ ಕೆಳಗಿಳಿಯುತ್ತವೆ. ಹಿಂಡಿಯಿಂದಲೇ ಸರಿಹೋಯಿತು ಎಂಬ ನಂಬಿಕೆ ಗಟ್ಟಿಯಾಗುತ್ತದೆ. ಮೀನಿಗಿದ್ದದ್ದು ಹಸಿವಲ್ಲ, ನೀರಿನಲ್ಲಿ ಆಮ್ಲಜನಕದ ಕೊರತೆ. ಸರಿ ಮಾಡಿದ್ದು ಬಿಸಿಲು. ಹಿಂಡಿ ಮುಂದಿನ ರಾತ್ರಿಯ ಆಮ್ಲಜನಕದ ಸಾಲವನ್ನಷ್ಟೇ ಹೆಚ್ಚಿಸಿತು.

ಆ ಸಾಲ ಎಷ್ಟು ಅಂತ ಲೆಕ್ಕ ಹಾಕೋಣ. 21×21 ಮೀಟರ್ ಅಗಲ, 3 ಮೀಟರ್ ಆಳದ, ಬದಿಗಳು ಇಳಿಜಾರಾಗಿ ತಳದಲ್ಲಿ 15×15 ಉಳಿದಿರುವ ಹೊಂಡ ತುಂಬಿದಾಗ ಸುಮಾರು 9.8 ಲಕ್ಷ ಲೀಟರ್ ನೀರು. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿಯೊಂದಿಗೆ ಸಮತೋಲಕ್ಕೆ ಬಂದ ಸಿಹಿನೀರಿನಲ್ಲಿ ಲೀಟರಿಗೆ 7.5 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. ಅಷ್ಟೇ ಗಾಳಿಯಲ್ಲಾದರೆ ಸುಮಾರು 270 ಮಿಲಿಗ್ರಾಂ. ಅಂದರೆ ಅಷ್ಟು ದೊಡ್ಡ ಹೊಂಡದ ಒಟ್ಟು ಆಮ್ಲಜನಕದ ಗಂಟು ಏಳು ಕೆಜಿ ಚಿಲ್ಲರೆ. ಒಂದು ಚೀಲ ರಾಗಿಯಷ್ಟು ತೂಕವೂ ಇಲ್ಲ.

ಈಗ ಖರ್ಚು. 12 ಗ್ರಾಂ ಇಂಗಾಲ ಕೊಳೆತು ಇಂಗಾಲದ ಡೈಆಕ್ಸೈಡ್ ಆಗಲು 32 ಗ್ರಾಂ ಆಮ್ಲಜನಕ ಬೇಕು. ಒಂದು ಕೆಜಿ ಇಂಗಾಲಕ್ಕೆ 2.67 ಕೆಜಿ. ಹೊಂಡಕ್ಕೆ ಗೊಬ್ಬರವಾಗಿ ಹಾಕುವ ಹಸಿ ಸಗಣಿಯಲ್ಲಿ ಐದರಲ್ಲಿ ನಾಲ್ಕು ಪಾಲು ನೀರು. 50 ಕೆಜಿ ಸುರಿದರೆ ಒಣ ಪದಾರ್ಥ 10 ಕೆಜಿ, ಅದರಲ್ಲಿ ಇಂಗಾಲ ಮೂರೂವರೆಯಿಂದ ನಾಲ್ಕು ಕೆಜಿ. ಅದು ಪೂರ್ತಿ ಕೊಳೆಯಲು ಹತ್ತು ಕೆಜಿಯಷ್ಟು ಆಮ್ಲಜನಕ ಬೇಕು. ಹೊಂಡದಲ್ಲಿರುವುದು ಏಳು! ಎಲ್ಲ ಒಂದೇ ದಿನ ಕೊಳೆಯುವುದಿಲ್ಲ, ನಾರಿನ ಭಾಗ ವಾರಗಟ್ಟಲೆ ಎಳೆಯುತ್ತದೆ, ಅದರಿಂದಲೇ ಮೀನು ಬದುಕಿರುವುದು. ಸಗಣಿಯನ್ನು ತಿಂಗಳಿಗೊಮ್ಮೆ ಗಾಡಿಗಟ್ಟಲೆ ಹಾಕುವ ಬದಲು ವಾರಕ್ಕಿಷ್ಟು ಅಂತ ಕದಡಿ ಹಾಕಿ ಅನ್ನುವುದೂ ಇದಕ್ಕೇ.

ಖರ್ಚಾದದ್ದನ್ನು ತುಂಬುವವರು ಯಾರು? ಗಾಳಿ ಅಂದುಕೊಳ್ಳುತ್ತೇವೆ. ನಿಂತ ನೀರಿನಲ್ಲಿ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿ ಹರಡುವುದಕ್ಕಿಂತ ಹತ್ತು ಸಾವಿರ ಪಟ್ಟು ಕಡಿಮೆ. ನಿಜವಾದ ದುಡಿಮೆಗಾರ ಹಸಿರು ಪಾಚಿ. ಹಗಲು ಅದು ನೀರಿನೊಳಗಿನ ಇಂಗಾಲದ ಡೈಆಕ್ಸೈಡ್ ಹೀರಿ, ಇಂಗಾಲವನ್ನು ಮೈಗೆ ಕಟ್ಟಿಕೊಂಡು ಆಮ್ಲಜನಕ ಬಿಡುತ್ತದೆ. ರಾತ್ರಿ ಅದೇ ಪಾಚಿ ಮೀನಿನ ಜೊತೆ ಸಾಲಿನಲ್ಲಿ ನಿಂತು ಆಮ್ಲಜನಕ ಕೇಳುತ್ತದೆ. ಬಿಸಿಲಿದ್ದರೆ ಮಾತ್ರ ಈ ಉಪಕಾರ ಅನ್ನುವುದನ್ನು 1779ರಲ್ಲೇ ಡಚ್ ವೈದ್ಯ ಯಾನ್ ಇಂಗೆನ್‌ಹೌಸ್ ತೋರಿಸಿದ್ದ, ಅದೂ ಎಲೆಗಳನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಾ.

ಶಾಲೆಯ ಪುಸ್ತಕದ ದುಂಡಗಿನ ಬಾಣದ ಚಿತ್ರದಲ್ಲಿ ಕಾಣದ ಒಂದು ಸಂಗತಿ ಇಲ್ಲಿದೆ. ಮಧ್ಯಾಹ್ನ ಮೂರರ ಹೊತ್ತಿಗೆ ದಟ್ಟ ಹಸಿರು ಹೊಂಡದಲ್ಲಿ ಆಮ್ಲಜನಕ 12 ಮಿಲಿಗ್ರಾಂ ದಾಟುವುದುಂಟು. ನೀರು ಅಷ್ಟನ್ನು ಹಿಡಿದಿಟ್ಟುಕೊಳ್ಳದು, ಹೆಚ್ಚಾದದ್ದು ಗಾಳಿಗೆ ಹೋಗುತ್ತದೆ. ಅದರ ಜೊತೆಗೆ ಕಟ್ಟಿಕೊಂಡ ಇಂಗಾಲ ಮಾತ್ರ ಪಾಚಿಯ ಮೈಯಾಗಿ ಹೊಂಡದಲ್ಲೇ ಉಳಿಯುತ್ತದೆ. ಗಳಿಕೆ ಊರ ಪಾಲು, ಸಾಲ ಮನೆಯ ಪಾಲು. (ಭೂಮಿಯ ಗಾಳಿಯಲ್ಲಿ ಶೇ 21ರಷ್ಟು ಆಮ್ಲಜನಕ ಉಳಿದದ್ದೂ ಹೀಗೇ: ಜೊತೆಗಾರ ಇಂಗಾಲ ಕೆಸರಿನಲ್ಲಿ, ಕಲ್ಲಿನಲ್ಲಿ ಹೂತುಹೋಯಿತು.) ಹಾಗಾಗಿ ನೀರು ಹಸಿರಾದಷ್ಟೂ ಒಳ್ಳೆಯದು ಎನ್ನುವುದು ತಪ್ಪು. ಹಸಿರು ಎಷ್ಟಿದೆಯೆಂದು ಅಳೆಯಲು 20 ಸೆಂಟಿಮೀಟರ್ ಅಗಲದ ತಟ್ಟೆಗೆ ಕಪ್ಪು–ಬಿಳಿ ಬಣ್ಣ ಬಳಿದು, ದಾರ ಕಟ್ಟಿ ಇಳಿಬಿಡಿ. 25ರಿಂದ 40 ಸೆಂಟಿಮೀಟರ್ ಆಳದಲ್ಲಿ ಮರೆಯಾದರೆ ಸರಿ. 20ಕ್ಕೂ ಮೊದಲೇ ಮರೆಯಾದರೆ ಗೊಬ್ಬರ ನಿಲ್ಲಿಸಿ, ಮೇವು ಅರ್ಧಕ್ಕಿಳಿಸಿ. ಮಣ್ಣುನೀರು ನುಗ್ಗಿ ಕೆಂಪಾಗಿದ್ದರೆ ಈ ಅಳತೆ ಲೆಕ್ಕಕ್ಕಿಲ್ಲ.

ರಾತ್ರಿ ಹೇಗೆ ಕಳೆದೀತೆಂದು ಸಂಜೆಯೇ ಹೇಳಬಹುದು. ಸಂಜೆ 7ಕ್ಕೊಮ್ಮೆ, 10ಕ್ಕೊಮ್ಮೆ ಆಮ್ಲಜನಕ ಅಳೆಯಿರಿ. ಮೀಟರ್ ಇಲ್ಲದಿದ್ದರೆ ಹನಿ ಹಾಕುವ ಕಿಟ್ ಸಾಕು. ಬಾಟಲಿಯನ್ನು ನೀರೊಳಗೇ ಮುಳುಗಿಸಿ ತುಂಬಿ ಅಲ್ಲೇ ಬಿರಡೆ ಹಾಕಬೇಕು. ಒಳಗೆ ಒಂದು ಗಾಳಿಗುಳ್ಳೆ ಉಳಿದರೂ ಅದರ ಆಮ್ಲಜನಕವೇ ಲೆಕ್ಕಕ್ಕೆ ಸೇರಿ ಸುಳ್ಳು ಧೈರ್ಯ ಕೊಡುತ್ತದೆ. ಮೊದಲೆರಡು ದ್ರಾವಣ ಹಾಕಿದಾಗ ಕಂದು ಗಸಿ ಬಂದರೆ ಆಮ್ಲಜನಕ ಇದೆ, ಬಿಳಿಯಾಗಿಯೇ ಉಳಿದರೆ ಹೊಂಡ ಬರಿದಾಗಿದೆ. ಏಳಕ್ಕೆ 7.5, ಹತ್ತಕ್ಕೆ 6 ಬಂದರೆ ಗಂಟೆಗೆ ಅರ್ಧ ಮಿಲಿಗ್ರಾಂ ಇಳಿತ. ಅದೇ ಗೆರೆ ಎಳೆದರೆ ಬೆಳಿಗ್ಗೆ 6ಕ್ಕೆ ಉಳಿಯುವುದು 2. ಕಾಟ್ಲಾ, ರೋಹುವಿನಂಥ ಗೆಂಡೆ ಮೀನುಗಳಿಗೆ 5 ಇದ್ದರೆ ಹಿತ, 3ರ ಕೆಳಗೆ ಕಷ್ಟ, 1ರ ಕೆಳಗೆ ಸಾವು. ಹಾಗಾಗಿ ಏರೇಟರ್ (ನೀರಿಗೆ ಗಾಳಿ ಬೆರೆಸುವ ಯಂತ್ರ) ಅಥವಾ ಪಂಪು ನಡುರಾತ್ರಿಯೇ ಶುರುವಾಗಬೇಕು, ಮೀನು ಮೇಲೆ ಬಂದ ಮೇಲಲ್ಲ. ಪಂಪಾದರೆ ನೀರೆಳೆಯುವ ಕೊಳವೆಯ ತುದಿಯ ಫುಟ್‌ವಾಲ್ವ್ ಮೇಲ್ನೀರಿನಲ್ಲಿರಲಿ, ನೀರು ಹನಿಹನಿಯಾಗಿ ಎತ್ತರದಿಂದ ಬೀಳಲಿ. ತಳದ ನೀರು ಎಳೆದರೆ ಅಲ್ಲಿನ ಕೊಳಕನ್ನೂ ಮೇಲೆ ತಂದು ಕಲಸಿದಂತಾಗುತ್ತದೆ.

ಎರಡು ಮೂರು ದಿನ ಸೂರ್ಯ ಕಾಣದ ಜಡಿಮಳೆ ಹಿಡಿದರೆ ಇಡೀ ಲೆಕ್ಕ ತಲೆಕೆಳಗು: ಹಗಲಿನ ಗಳಿಕೆ ಇಲ್ಲ, ರಾತ್ರಿಯ ಖರ್ಚು ಹಾಗೇ ಇದೆ. ಮೋಡ ಕಂಡ ದಿನವೇ ಮೇವು ನಿಲ್ಲಿಸುವುದು ಎಲ್ಲಕ್ಕಿಂತ ಅಗ್ಗದ ಮದ್ದು. ಇನ್ನೂ ಕೆಟ್ಟ ತಪ್ಪೆಂದರೆ ಪಾಚಿ ಜಾಸ್ತಿಯಾಯಿತೆಂದು ಮೈಲುತುತ್ತ ಹಾಕಿ ಒಂದೇ ಸಲ ಕೊಲ್ಲುವುದು. ಗಳಿಸುವವನೂ ಹೋದ, ಅವನ ಹೆಣ ಕೊಳೆಯುವ ಖರ್ಚೂ ಬಂತು.

ಇಂಗಾಲದ ಇನ್ನೊಂದು ಚೇಷ್ಟೆ ಪಿಎಚ್‌ನಲ್ಲಿ, ಅಂದರೆ ನೀರಿನ ಹುಳಿ–ಕ್ಷಾರದ ಅಳತೆಯಲ್ಲಿ, ಕಾಣುತ್ತದೆ. ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಹುಳಿ. ರಾತ್ರಿಯೆಲ್ಲ ತುಂಬಿ ಬೆಳಿಗ್ಗೆ ಪಿಎಚ್ 7ರ ಆಸುಪಾಸಿಗೆ ಇಳಿಯುತ್ತದೆ, ಪಾಚಿ ಹೀರಿದ ಮೇಲೆ ಮಧ್ಯಾಹ್ನ 9 ಮುಟ್ಟುತ್ತದೆ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದಾಗ, ಮೀನಿನ ತ್ಯಾಜ್ಯದಿಂದ ನೀರಿಗೆ ಸೇರುವ ಅಮೋನಿಯದ ವಿಷಕಾರಿ ರೂಪ ಶೇ 1ಕ್ಕೂ ಕಡಿಮೆ, 9ರಲ್ಲಿ ಶೇ 36. ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಈ ಏರಿಳಿತ ಹೆಚ್ಚು. ತುಂಬಿರುವುದು ಮೆದು ಮಳೆನೀರು, ಮಣ್ಣಿನ ಸುಣ್ಣದಂಶ ಸಿಗುವುದಿಲ್ಲ. ಸುಣ್ಣಕಲ್ಲಿನ ಪುಡಿ ಹಾಕಿದರೆ ರಾತ್ರಿಯ ಇಂಗಾಲದ ಡೈಆಕ್ಸೈಡ್ ಬೈಕಾರ್ಬೊನೇಟ್ ಆಗಿ ಕೂಡಿಟ್ಟಂತೆ, ಹಗಲು ಪಾಚಿಗೆ ಅದೇ ಬುತ್ತಿ. ನಮ್ಮ ಲೆಕ್ಕದ ಹೊಂಡದಲ್ಲಿ ಕ್ಷಾರತೆಯನ್ನು (ಹುಳಿ ತಡೆದುಕೊಳ್ಳುವ ಶಕ್ತಿಯನ್ನು) ಲೀಟರಿಗೆ 20 ಮಿಲಿಗ್ರಾಂ ಏರಿಸಲು ಸುಮಾರು 20 ಕೆಜಿ ಪೂರ್ತಿ ಕರಗಬೇಕು. ಸುಟ್ಟ ಸುಣ್ಣ ಬೇರೆ. ಮೀನಿರುವಾಗ, ಅದೂ ಮಧ್ಯಾಹ್ನ, ಅದನ್ನು ಎರಚಬೇಡಿ.

ತೀರದ ಸಾಲವೆಲ್ಲ ಕೊನೆಗೆ ತಳದ ಕಪ್ಪು ಹೂಳಾಗಿ ಕೂರುತ್ತದೆ. ಕೋಲು ಚುಚ್ಚಿದರೆ ಬುಳುಬುಳು ಏಳುವ ಗುಳ್ಳೆಯಲ್ಲಿ ಹೆಚ್ಚಿನ ಪಾಲು ಮೀಥೇನ್, ಕೊಳೆತ ಮೊಟ್ಟೆಯ ನಾತ ಹೈಡ್ರೊಜನ್ ಸಲ್ಫೈಡ್‌ದು. ಆಮ್ಲಜನಕ ಸಿಗದ ಇಂಗಾಲ ಹಿಡಿಯುವ ಅಡ್ಡದಾರಿ ಅದು. ಬೇಸಿಗೆಯಲ್ಲಿ ನೀರು ತಗ್ಗಿದಾಗ ಸಲಿಕೆ ಬಿಟ್ಟು ಪ್ಲಾಸ್ಟಿಕ್ ಬಾಣಲೆಯಿಂದ ಎತ್ತಿ, ಹಾಳೆ ಹರಿಯಬಾರದು. ಒಣಗಿಸಿ ಹೊಲಕ್ಕೆ ಚೆಲ್ಲಿ. ಅಲ್ಲಿ ಅದು ಎಷ್ಟು ಆಮ್ಲಜನಕ ಎಳೆದುಕೊಂಡರೂ ಯಾರ ಉಸಿರೂ ಕಟ್ಟುವುದಿಲ್ಲ.