ಲಂಡನ್ನಿನಲ್ಲಿ ನಾಯಿ ಕರೆದುಕೊಂಡು ಪಬ್ಬಿಗೆ ಹೋಗುವುದಾದರೆ

ಚಿನ್ನಿ ಹುಟ್ಟಿದ್ದು ಬೆಂಗಳೂರಿನ ಜಯನಗರದಲ್ಲಿ, ಒಂದು ಮೋರಿ ಪಕ್ಕ. ಈಗ ಇರುವುದು ಲಂಡನ್ನಿನ ಆಕ್ಟನ್‌ನಲ್ಲಿ, ನನ್ನ ಅಕ್ಕ-ಭಾವನ ಮನೆಯಲ್ಲಿ. ಕಳೆದ ಅಕ್ಟೋಬರಿನಲ್ಲಿ ಮೂರು ವಾರ ಅಲ್ಲಿದ್ದೆ. ಅವರಿಬ್ಬರೂ ಬೆಳಗ್ಗೆ ಕೆಲಸಕ್ಕೆ ಹೊರಟುಬಿಡುತ್ತಿದ್ದರು, ಹಾಗಾಗಿ ವಾರದ ದಿನ ಪೂರ್ತಿ ನಾನು ಮತ್ತು ಚಿನ್ನಿ. ಊರು ನೋಡಬೇಕು, ನಾಯಿಯನ್ನೂ ಬಿಟ್ಟು ಹೋಗಬಾರದು. ಮ್ಯೂಸಿಯಮ್ಮಿಗೆ ನಾಯಿ ಬಿಡುವುದಿಲ್ಲ, ಹೋಟೆಲುಗಳಲ್ಲೂ ಬಹುತೇಕ ಬಿಡುವುದಿಲ್ಲ. ಆದರೆ ಪಬ್ಬಿಗೆ ಬಿಡುತ್ತಾರೆ. ಸುಮ್ನೆ ಬಿಡುವುದಷ್ಟೇ ಅಲ್ಲ, ನೀರಿನ ಬಟ್ಟಲು ತಂದಿಟ್ಟು, ಕೌಂಟರಿನ ಮೇಲಿನ ಡಬ್ಬಿಯಿಂದ ಒಂದು ಬಿಸ್ಕತ್ತೂ ಕೊಡುತ್ತಾರೆ. ಮಕ್ಕಳ ಮನೆಗೆ ಅಂತ ಲಂಡನ್ನಿಗೆ ಹೋಗಿ ಅವರ ನಾಯಿ ನೋಡಿಕೊಳ್ಳುವ ಅಪ್ಪ-ಅಮ್ಮಂದಿರು, ಅಲ್ಲೇ ನೆಲೆಸಿ ಊರಿಂದ ನಾಯಿ ಕರೆಸಿಕೊಂಡವರು ಈಗ ತುಂಬ ಜನ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಾನು ಮಾಡಿದ ತಪ್ಪು ಹೇಳುತ್ತೇನೆ. ಪಬ್ ಯಾವುದು ಅಂತ ಮೊದಲು ಆರಿಸಿ, ಆಮೇಲೆ ದಾರಿ ನೋಡಿದೆ. ಇಸ್ಲಿಂಗ್ಟನ್ ಕಡೆ ಒಂದು ಒಳ್ಳೆಯ ಪಬ್ ಇದೆ ಅಂತ ಕೇಳಿ ಹೊರಟವನು ಏಂಜಲ್ ಸ್ಟೇಷನ್ನಿನಲ್ಲಿ ಇಳಿದೆ. ಅಲ್ಲಿಯ ಎಸ್ಕಲೇಟರ್ ಸುಮಾರು 60 ಮೀಟರ್ ಉದ್ದ, ಟ್ಯೂಬ್ ಅಂತ ಕರೆಯುವ ಲಂಡನ್ನಿನ ನೆಲದಡಿಯ ರೈಲಿನಲ್ಲೇ ಅತಿ ಉದ್ದದ್ದು. ಎಸ್ಕಲೇಟರಿನಲ್ಲಿ ನಾಯಿಯನ್ನು ಎತ್ತಿಕೊಂಡೇ ಹೋಗಬೇಕು ಅನ್ನುವುದು ಅಲ್ಲಿಯ ನಿಯಮ, ಯಾಕೆಂದರೆ ಮೆಟ್ಟಿಲು ಮುಗಿಯುವ ಕಡೆ ಹಲ್ಲುಗಳ ನಡುವೆ ನಾಯಿಯ ಉಗುರು, ಪಾದ ಸಿಕ್ಕಿಕೊಂಡು ಕೆಟ್ಟ ಗಾಯ ಆಗುತ್ತದೆ. ಚಿನ್ನಿ 18 ಕಿಲೋ. ಎತ್ತಿಕೊಂಡೆ. ಅರ್ಧಕ್ಕೆ ಬರುವಷ್ಟರಲ್ಲಿ ಅವಳು ಹೆದರಿ ಒದ್ದಾಡತೊಡಗಿದಳು, ನನ್ನ ಕೈ ನಡುಗುತ್ತಿತ್ತು. ಹಿಂದೆ ನಿಂತಿದ್ದ ಹೆಂಗಸು ಏನೂ ಕೇಳದೆ ಮುಂದೆ ಬಂದು ಅವಳ ಹಿಂಗಾಲು ಹಿಡಿದುಕೊಂಡರು. ಅವರಿಲ್ಲದಿದ್ದರೆ ಏನಾಗುತ್ತಿತ್ತೋ. ಅವತ್ತು ರಾತ್ರಿ ಅಕ್ಕ ಬೈದಳು: "ಲೋ, ಟ್ಯೂಬ್ ಯಾಕೋ ಹತ್ತಿಸ್ದೆ ಅದನ್ನ? ಮನೆ ಹತ್ರಾನೇ ಓವರ್‌ಗ್ರೌಂಡ್ ಇದೆಯಲ್ಲಾ."

ಅಲ್ಲಿಂದ ಮುಂದೆ ಲೆಕ್ಕ ತಿರುಗಿಸಿದೆ. ಮೊದಲು ನಾಯಿಗೆ ಸುಲಭವಾದ ದಾರಿ, ಆಮೇಲೆ ನಡೆಯಲು ಜಾಗ, ಆ ನಡಿಗೆ ಮುಗಿಯುವ ಕಡೆ ಪಬ್. ದಣಿದ ನಾಯಿ ಪಬ್ಬಿನಲ್ಲಿ ಮೇಜಿನ ಕೆಳಗೆ ಮಲಗಿಬಿಡುತ್ತದೆ. ನೇರ ಮನೆಯಿಂದ ಬಂದ ನಾಯಿ ಅಲ್ಲಿ ಐದು ನಿಮಿಷವೂ ಕೂರುವುದಿಲ್ಲ.

ಓವರ್‌ಗ್ರೌಂಡ್ ಅಂದರೆ ಹೆಚ್ಚಾಗಿ ನೆಲದ ಮೇಲೇ ಓಡುವ ಊರೊಳಗಿನ ರೈಲು. ಆಕ್ಟನ್ ಸೆಂಟ್ರಲ್ ಸ್ಟೇಷನ್ನಿನಲ್ಲಿ ಅದರ ಮಿಲ್ಡ್‌ಮೇ ಲೈನ್ ಹೋಗುತ್ತದೆ. ಒಂದು ಕಡೆ ರಿಚ್ಮಂಡ್, ಇನ್ನೊಂದು ಕಡೆ ಹ್ಯಾಂಪ್‌ಸ್ಟೆಡ್ ಹೀತ್ ಮತ್ತು ಗಾಸ್ಪೆಲ್ ಓಕ್. ಈ ಒಂದೇ ರೈಲಿನಲ್ಲಿ ಲಂಡನ್ನಿನ ನಾಯಿಗಳು ಓಡಾಡುವ ಎರಡು ದೊಡ್ಡ ಬಯಲು, ಹ್ಯಾಂಪ್‌ಸ್ಟೆಡ್ ಹೀತ್ ಮತ್ತು ರಿಚ್ಮಂಡ್ ಪಾರ್ಕ್, ಸಿಗುತ್ತವೆ, ಎರಡಕ್ಕೂ ಎಸ್ಕಲೇಟರಿನ ಕಾಟ ಇಲ್ಲ. ನಾಯಿಗೆ ಟಿಕೆಟ್ ಇಲ್ಲ, ಟ್ಯೂಬು ಬಸ್ಸುಗಳಲ್ಲೂ ಇಲ್ಲ. ಲೀಶ್ ಹಾಕಿರಬೇಕು, ಸೀಟಿನ ಮೇಲೆ ಕೂರಿಸಬಾರದು. ಬಸ್ಸಿನಲ್ಲಿ ಮಾತ್ರ ಡ್ರೈವರ್ ಮಾತೇ ಕೊನೆ, ಒಳಗೆ ಆಗಲೇ ಒಂದು ನಾಯಿ ಇದ್ದರೆ ಬೇಡ ಅನ್ನಬಹುದು. ಹಾಗೆ ಅಂದರೆ ವಾದ ಮಾಡಬೇಡಿ, ಮುಂದಿನ ಬಸ್ ಬರುತ್ತದೆ. ಟ್ಯೂಬಿನಲ್ಲೇ ಹೋಗಬೇಕು ಅಂದರೆ ಲಿಫ್ಟ್ ಇರುವ ಸ್ಟೇಷನ್ ಆರಿಸಿ. ಹ್ಯಾಂಪ್‌ಸ್ಟೆಡ್ ಟ್ಯೂಬ್ ಸ್ಟೇಷನ್ ಎಲ್ಲಕ್ಕಿಂತ ಆಳದ್ದು, ಸುಮಾರು 58 ಮೀಟರ್ ಕೆಳಗಿದೆ, ಆದರೆ ಅಲ್ಲಿ ಮೇಲೆ ಬರುವುದೇ ಲಿಫ್ಟಿನಲ್ಲಿ. ಆಳ ನೋಡಿ ಹೆದರಬೇಡಿ.

ಈಗ ನನಗೆ ಅತಿ ಇಷ್ಟವಾದ ದಿನದ ಬಗ್ಗೆ. ಹ್ಯಾಂಪ್‌ಸ್ಟೆಡ್ ಹೀತ್ ಸ್ಟೇಷನ್ನಿನಲ್ಲಿ ಹತ್ತು ಗಂಟೆಗೆ ಇಳಿದು ಪಾರ್ಲಿಮೆಂಟ್ ಹಿಲ್ ಹತ್ತಿದೆವು. ಗುಡ್ಡ ಅಂದರೆ 98 ಮೀಟರ್ ಎತ್ತರ, ನಮ್ಮ ಚಾಮುಂಡಿ ಬೆಟ್ಟ ಹತ್ತಿದವರಿಗೆ ಅದು ಏನೂ ಅಲ್ಲ, ಆದರೆ ಮೇಲಿನಿಂದ ಇಡೀ ಲಂಡನ್ ಕಾಣುತ್ತದೆ, ಸೇಂಟ್ ಪಾಲ್ಸ್ ಗುಮ್ಮಟದ ತನಕ. ಅಲ್ಲಿಂದ ಉತ್ತರಕ್ಕೆ ಕಾಡಿನಂತಹ ದಾರಿ. ಲೀಶ್ ಬಿಚ್ಚಿ ಓಡುವ ನಾಯಿಗಳು ಎಷ್ಟೊಂದು. ಚಿನ್ನಿಯನ್ನು ನಾನು ಬಿಡಲಿಲ್ಲ. ಕರೆದರೆ ನೂರಕ್ಕೆ ನೂರು ಬರುತ್ತದೆ ಅನ್ನುವ ನಂಬಿಕೆ ಇದ್ದರೆ ಮಾತ್ರ ಬಿಡಿ. ನಮ್ಮ ಬೀದಿನಾಯಿಗಳಿಗೆ ಅಳಿಲು ಕಂಡರೆ ಕಿವಿ ಕೇಳುವುದಿಲ್ಲ. ಬಿಡಲು ಮನಸ್ಸಾಗದಿದ್ದರೆ ಹತ್ತು ಮೀಟರಿನ ಉದ್ದ ಲೀಶ್ ಒಂದು ಸಿಗುತ್ತದೆ, ಅದು ಒಯ್ಯಿರಿ. ಜನ ಈಜುವ ಕೊಳಗಳಿಗೆ ನಾಯಿ ಇಳಿಸಬಾರದು, ಅದನ್ನೂ ಗಮನದಲ್ಲಿಡಿ.

ಹೀತ್‌ನ ಮೇಲಿನ ಅಂಚಿಗೆ ಕೆನ್‌ವುಡ್ ಹೌಸ್ ಅನ್ನುವ ಹಳೆಯ ಬಂಗಲೆ ಇದೆ. ಒಳಗೆ ಹೋಗಲು ದುಡ್ಡು ಕೊಡಬೇಕಿಲ್ಲ, ರೆಂಬ್ರಾಂಟ್ ತಾನೇ ಬರೆದುಕೊಂಡ ತನ್ನ ಚಿತ್ರ ಅಲ್ಲಿದೆ. ನಾಯಿಗೆ ಹೊರಗಿನ ತೋಟ ಮಾತ್ರ. ಇಬ್ಬರು ಹೋದರೆ ಒಬ್ಬರಾದ ಮೇಲೆ ಒಬ್ಬರು ನೋಡಿ ಬರಬಹುದು. ನಾನು ಒಬ್ಬನೇ ಇದ್ದೆ, ನಾಯಿಯನ್ನು ಹೊರಗೆ ಕಟ್ಟಿ ಹೋಗಲು ಮನಸ್ಸು ಬರಲಿಲ್ಲ. ನೀವೂ ಕಟ್ಟಿ ಹೋಗಬೇಡಿ, ಅಲ್ಲಿ ನಾಯಿ ಕಳ್ಳತನ ನಡೆಯುತ್ತದೆ.

ಅಲ್ಲಿಂದ ರಸ್ತೆಗೆ ಬಂದು ಸ್ವಲ್ಪ ನಡೆದರೆ ಸ್ಪ್ಯಾನಿಯರ್ಡ್ಸ್ ಇನ್. 1585ರಿಂದ ಇದೆ ಅನ್ನುತ್ತಾರೆ. ಎದುರಿಗೇ ಹಳೆಯ ಸುಂಕದ ಕಟ್ಟೆ ಮನೆ, ಎರಡರ ನಡುವೆ ರಸ್ತೆ ಎಷ್ಟು ಇಕ್ಕಟ್ಟು ಅಂದರೆ ಒಂದು ಸಲಕ್ಕೆ ಒಂದೇ ಕಡೆಯ ಗಾಡಿ ಹೋಗಬೇಕು, ಹಾಗಾಗಿ ನಾಯಿ ಹಿಡಿದು ರಸ್ತೆ ದಾಟುವಾಗ ತುಂಬ ಹುಷಾರು. ಈ ಪಬ್ಬಿಗೂ ಕೆನ್‌ವುಡ್ಡಿಗೂ ಒಂದು ನಂಟು ಹೇಳುತ್ತಾರೆ. 1780ರ ದಂಗೆಯಲ್ಲಿ ಕೆನ್‌ವುಡ್ ಸುಡಲು ಹೊರಟ ಗುಂಪಿಗೆ ಇಲ್ಲಿಯ ಯಜಮಾನ ಬೇಕಾದಷ್ಟು ಬಿಯರ್ ಕುಡಿಸಿ, ಸೈನಿಕರು ಬರುವ ತನಕ ಕೂರಿಸಿಕೊಂಡನಂತೆ. ಈಗ ನಡೆದು ಬಂದ ಆ ತೋಟ, ಆ ಮನೆ ಉಳಿದದ್ದು ಹೀಗೆ ಅಂತ ಕೇಳುತ್ತಾ ಕೂರುವುದು ಚೆನ್ನಾಗಿರುತ್ತದೆ.

ಒಳಗೆ ಹೋದಾಗ ಮೂರು ಗಂಟೆ ಆಗಿತ್ತು. ತಗ್ಗು ಚಾವಣಿ, ಮರದ ಗೋಡೆ. ಅಕ್ಕ ಮಡಿಸಿ ಕೊಟ್ಟಿದ್ದ ಹಳೆ ಜಮಖಾನದ ತುಂಡನ್ನು ಮೂಲೆಯ ಮೇಜಿನ ಕೆಳಗೆ ಹಾಸಿದೆ. ಚಿನ್ನಿ ಮೂಸಿ ನೋಡಿ, ಎರಡು ಸುತ್ತು ಸುತ್ತಿ ಮಲಗಿದಳು. ಇದೊಂದು ನೀವು ಮರೆಯಬೇಡಿ. ಮನೆ ವಾಸನೆ ಇರುವ ಒಂದು ಬಟ್ಟೆ ಹಾಸಿದರೆ ಹೊಸ ಜಾಗವೂ ನಾಯಿಗೆ ತನ್ನದಾಗುತ್ತದೆ, ಯಾವ ತಿಂಡಿಯೂ ಅಷ್ಟು ಕೆಲಸ ಮಾಡುವುದಿಲ್ಲ.

ಪಕ್ಕದ ಮೇಜಿನಲ್ಲಿ ಒಬ್ಬ ಅಜ್ಜ, ಜೊತೆಗೆ ಅವರ ಮುದಿ ಸ್ಪ್ಯಾನಿಯಲ್. ಮುಟ್ಟಬಹುದಾ ಅಂತ ಮೊದಲು ಕೇಳಿದರು. ಅಲ್ಲಿ ಹೆಚ್ಚಿನವರು ಕೇಳಿಯೇ ಮುಟ್ಟುತ್ತಾರೆ, ನೀವೂ ಬೇರೆಯವರ ನಾಯಿಯನ್ನು ಕೇಳದೆ ಮುಟ್ಟಬೇಡಿ. ಆಮೇಲೆ ಇದು ಯಾವ ತಳಿ ಅಂದರು. ತಳಿ ಏನಿಲ್ಲ, ನಮ್ಮೂರ ಬೀದಿನಾಯಿ, ಬೆಂಗಳೂರಿನದು ಅಂದೆ. ಅವರು ಕುರ್ಚಿಯಿಂದ ಕೆಳಗಿಳಿದು ನೆಲದ ಮೇಲೇ ಕೂತು, ಕೈ ಚಾಚಿ, ಅವಳು ತಾನಾಗಿ ಬರಲಿ ಅಂತ ಕಾದರು. ನಾಲ್ಕೈದು ನಿಮಿಷವೇ ಆಯಿತು. ಚಿನ್ನಿ ಗುರುತಿಲ್ಲದ ಗಂಡಸರನ್ನು ಹತ್ತಿರ ಬಿಡುವವಳಲ್ಲ, ಮರಿಯಾಗಿದ್ದಾಗ ಯಾರೋ ಕಲ್ಲು ಹೊಡೆದ ಗುರುತು ಇನ್ನೂ ಸೊಂಟದ ಮೇಲಿದೆ. ಅವತ್ತು ಎದ್ದು ಹೋಗಿ ಅವರ ಅಂಗೈಗೆ ಮೂತಿ ಇಟ್ಟಳು. ನನ್ನ ಕಣ್ಣು ತುಂಬಿ ಬಂತು.

ಎಲ್ಲ ಕಡೆ ಹೀಗೇ ಅಂತ ತಿಳಿಯಬೇಡಿ. ಪಬ್ಬಿನಲ್ಲಿ ಕೂರುವ ಜಾಗಕ್ಕೆ ನಾಯಿ ಬರಬಾರದು ಅನ್ನುವ ಕಾನೂನು ಅಲ್ಲಿಲ್ಲ, ಅಡುಗೆಮನೆಗೆ ಮಾತ್ರ ಬಿಡುವ ಹಾಗಿಲ್ಲ. ಉಳಿದದ್ದೆಲ್ಲ ಪಬ್ ನಡೆಸುವವರ ಇಷ್ಟ. ಕಣ್ಣು ಕಾಣದವರ ಜೊತೆ ಬರುವಂತಹ ನೆರವಿನ ನಾಯಿಗಳ ವಿಷಯ ಬೇರೆ, 2010ರ ಸಮಾನತೆ ಕಾಯ್ದೆ ಅವುಗಳ ಬೆನ್ನಿಗಿದೆ. ಊರೆಲ್ಲಾ ಇರುವ ವೆದರ್‌ಸ್ಪೂನ್ ಪಬ್ಬುಗಳಲ್ಲಿ ನೆರವಿನ ನಾಯಿ ಬಿಟ್ಟು ಬೇರೆ ನಾಯಿಗೆ ಪ್ರವೇಶ ಇಲ್ಲ, ಅಲ್ಲಿಗೆ ಹೋಗಿ ಬಾಗಿಲಲ್ಲಿ ನಿಲ್ಲಬೇಡಿ. ಫುಲ್ಲರ್ಸ್, ಯಂಗ್ಸ್ ಹೆಸರಿನ ಪಬ್ಬುಗಳಲ್ಲಿ ಹೆಚ್ಚಿನವು ನಾಯಿಗಳನ್ನು ಬಿಟ್ಟುಕೊಳ್ಳುತ್ತವೆ. ಆದರೂ ಒಂದು ಫೋನ್ ಮಾಡಿಯೇ ಹೊರಡಿ.

ಫೋನಿನಲ್ಲಿ ಏನು ಕೇಳುತ್ತೀರಿ ಅನ್ನುವುದು ಮುಖ್ಯ. ಒಂದು ಭಾನುವಾರ ಅಕ್ಕ-ಭಾವನ ಜೊತೆ ಊಟಕ್ಕೆ ಅಂತ ಒಂದು ಪಬ್ಬಿನಲ್ಲಿ ಮೇಜು ಹೇಳಿಟ್ಟಿದ್ದೆವು. ನಾಯಿ ಇದೆ ಅಂತಲೂ ಹೇಳಿದ್ದೆವು, ಆಗಲಿ ಅಂದಿದ್ದರು. ಹೋದರೆ ನಮ್ಮ ಮೇಜು ಕಾರ್ಪೆಟ್ ಹಾಸಿದ ಊಟದ ಕೋಣೆಯಲ್ಲಿ, ನಾಯಿಗೆ ಬಾರ್ ಇರುವ ಮುಂದಿನ ಭಾಗ ಮಾತ್ರ, ಅಲ್ಲಿ ಭಾನುವಾರದ ಜನ ಕಿಕ್ಕಿರಿದು ನಿಂತಿದ್ದರು. ಮಳೆ ಬೇರೆ. ಹೊರಗಿನ ಬೆಂಚಿನ ಮೇಲೆ, ಛತ್ರಿ ಹಿಡಿದು ಊಟ ಮಾಡಿದೆವು. "ನಾಯಿ ಬಿಡ್ತೀರಾ" ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. "ನಾವು ಊಟ ಮಾಡುವ ಮೇಜಿನ ಹತ್ತಿರವೇ ನಾಯಿ ಇರಬಹುದಾ" ಅಂತ ಕೇಳಿ. ಅವತ್ತು ಫುಟ್‌ಬಾಲ್ ಮ್ಯಾಚ್ ಹಾಕುತ್ತೀರಾ ಅಂತಲೂ ಕೇಳಿ, ಗೋಲಿನ ಕೂಗಿಗೆ ಒಳ್ಳೆಯ ನಾಯಿಯೂ ಬೆಚ್ಚುತ್ತದೆ. ನನ್ನ ಅನುಭವದಲ್ಲಿ ವಾರದ ದಿನ ಮಧ್ಯಾಹ್ನ ಎರಡೂವರೆಯಿಂದ ನಾಲ್ಕೂವರೆ ಒಳ್ಳೆಯ ಹೊತ್ತು. ಐದರ ಮೇಲೆ ಆಫೀಸಿನವರು ತುಂಬಿಕೊಳ್ಳುತ್ತಾರೆ. ಒಂದೇ ತೊಂದರೆ, ಆ ಹೊತ್ತಿನಲ್ಲಿ ಕೆಲವು ಕಡೆ ಅಡುಗೆಮನೆ ಮುಚ್ಚಿರುತ್ತದೆ, ಊಟ ಮೊದಲೇ ಮುಗಿಸಿರಿ.

ಊಟ ಅಂದಾಗ ಇನ್ನೊಂದು. ನಾವು ಮನೆಯಲ್ಲಿ ಸಸ್ಯಾಹಾರಿಗಳು, ತರಕಾರಿ ಪೈ, ಚಿಪ್ಸ್, ನಟ್ ರೋಸ್ಟ್ ಎಲ್ಲ ಕಡೆ ಸಿಕ್ಕಿತು. ಕುಡಿಯದವರು ಲೈಮ್ ಸೋಡಾ, ಜಿಂಜರ್ ಬಿಯರ್ (ಶುಂಠಿಯ ತಂಪು ಪಾನೀಯ) ಕೇಳಬಹುದು, ಯಾರೂ ಏನೂ ಅನ್ನುವುದಿಲ್ಲ. ಯಾರಾದರೂ ಮೇಜಿಗೆ ಬರಲಿ ಅಂತ ಕಾಯಬೇಡಿ, ನೀವೇ ಕೌಂಟರಿಗೆ ಹೋಗಿ ಹೇಳಿ ದುಡ್ಡು ಕೊಡಬೇಕು, ಒಬ್ಬರೇ ಇದ್ದರೆ ನಾಯಿಯನ್ನೂ ಕರೆದುಕೊಂಡೇ ಹೋಗಿ. ತಟ್ಟೆಯಲ್ಲಿ ಉಳಿದದ್ದನ್ನು ಮಾತ್ರ ನಾಯಿಗೆ ಹಾಕಬೇಡಿ. ಭಾನುವಾರದ ರೋಸ್ಟಿನ ಗ್ರೇವಿಯಲ್ಲಿ, ಸ್ಟಫಿಂಗಿನಲ್ಲಿ ಈರುಳ್ಳಿ ಇರುತ್ತದೆ, ಅದು ನಾಯಿಗೆ ವಿಷ. ಕ್ರಿಸ್‌ಮಸ್ ಹೊತ್ತಿನ ಪುಡಿಂಗ್, ಮಿನ್ಸ್ ಪೈಗಳಲ್ಲಿ ಒಣದ್ರಾಕ್ಷಿ, ಅದು ಇನ್ನೂ ಅಪಾಯ. ಬಿಯರ್ ಒಂದು ಹನಿಯೂ ಬೇಡ, ಆಲ್ಕೋಹಾಲೂ, ಕಹಿಗಾಗಿ ಅದಕ್ಕೆ ಹಾಕುವ ಹಾಪ್ಸ್ ಹೂವೂ ಎರಡೂ ನಾಯಿಗೆ ಆಗುವುದಿಲ್ಲ.

ರಿಚ್ಮಂಡ್ ಕಡೆಯ ದಿನ ಬೇರೆ ಥರ. ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಥೇಮ್ಸ್ ದಂಡೆ, ಅಲ್ಲಿಂದ ನದಿ ಪಕ್ಕದಲ್ಲೇ ಪೀಟರ್‌ಶ್ಯಾಮ್ ಹುಲ್ಲುಗಾವಲು. ಅಲ್ಲಿ ಹಸುಗಳು ಮೇಯುತ್ತವೆ! ಲಂಡನ್ನಿನ ಒಳಗೆ ಹಸು ಕಂಡು ನನಗೆ ಎಷ್ಟು ಖುಷಿಯಾಯಿತೋ ಚಿನ್ನಿಗೂ ಅಷ್ಟೇ, ಅವಳಿಗೆ ಜಯನಗರದ ನೆನಪು ಬಂದಿರಬೇಕು. ಅಲ್ಲಿ ಲೀಶ್ ಬಿಗಿ ಹಿಡಿಯಿರಿ. ಮುಂದೆ ರಿಚ್ಮಂಡ್ ಪಾರ್ಕ್, 600ಕ್ಕೂ ಹೆಚ್ಚು ಜಿಂಕೆಗಳಿರುವ ಜಾಗ. ಮೇ ತಿಂಗಳಿಂದ ಜುಲೈ ತನಕ ಮರಿ ಹಾಕುವ ಕಾಲ, ಆಗ ಲೀಶ್ ಕಡ್ಡಾಯ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಗಂಡು ಜಿಂಕೆಗಳು ಕಾದಾಡುವ ಕಾಲ, ಆಗ 50 ಮೀಟರ್ ದೂರ ಇರಿ. ನಾನು ದೂರದಿಂದ ಅವುಗಳ ಗುಟುರು ಕೇಳಿಯೇ ವಾಪಸ್ ತಿರುಗಿದೆ. ನದಿ ದಂಡೆಯ ವೈಟ್ ಕ್ರಾಸ್ ಪಬ್ಬಿಗೆ ಹೋಗುವ ಮೊದಲು ಉಬ್ಬರದ ಹೊತ್ತು ನೋಡಿಕೊಳ್ಳಿ. ದೊಡ್ಡ ಉಬ್ಬರ ಇದ್ದರೆ ನದಿ ರಸ್ತೆಗೇ ಬರುತ್ತದೆ, ಪಬ್ಬಿನ ಬಾಗಿಲ ತನಕ ನೀರು. ನೀರಿಗೆ ಹೆದರುವ ನಾಯಿ ಆದರೆ ಎರಡು ಗಂಟೆ ಒಳಗೇ ಕೂರಬೇಕಾಗುತ್ತದೆ.

ಹೊತ್ತು ಕಡಿಮೆ ಇದ್ದರೆ ಗಾಸ್ಪೆಲ್ ಓಕ್ ಸ್ಟೇಷನ್ನಿನ ಹತ್ತಿರದ ಸೌತಾಂಪ್ಟನ್ ಆರ್ಮ್ಸ್ ನೋಡಿ. ಚಿಕ್ಕದು, ಉದ್ದನೆಯ ಒಂದೇ ಕೋಣೆ, ಸಣ್ಣ ಸಣ್ಣ ತಯಾರಕರ ಏಲ್ (ಒಂದು ಬಗೆಯ ಬಿಯರ್) ಮತ್ತು ಸೈಡರ್ (ಸೇಬಿನ ಮದ್ಯ) ಮಾತ್ರ. ಹೀತ್ ಸುತ್ತಿ ಬಂದ ನಾಯಿಗಳು ಅಲ್ಲಿ ಸಾಲಾಗಿ ಮಲಗಿರುತ್ತವೆ. ಬೇರೆ ನಾಯಿ ಕಂಡರೆ ಗುರ್ರೆನ್ನುವ ನಾಯಿಗೆ ಆ ಇಕ್ಕಟ್ಟು ಸರಿಹೋಗುವುದಿಲ್ಲ.

ಊರಿಂದಲೇ ನಿಮ್ಮ ನಾಯಿ ಕರೆದುಕೊಂಡು ಎರಡು ವಾರ ಹೋಗಿ ಬರುವ ಯೋಚನೆ ಇದ್ದರೆ ಬಿಟ್ಟುಬಿಡಿ. ಅಲ್ಲೇ ನೆಲೆಸುವವರಿಗೆ ಮಾತ್ರ ಅದು ಸರಿ. ಮೊದಲು ಮೈಕ್ರೋಚಿಪ್, ಆಮೇಲೆ ರೇಬೀಸ್ ಲಸಿಕೆ, ಕನಿಷ್ಠ 30 ದಿನ ಬಿಟ್ಟು ರಕ್ತ ಪರೀಕ್ಷೆ, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು, ಹೊರಡುವ ಮುಂಚೆ ಲಾಡಿಹುಳದ ಔಷಧಿ, ಅದೂ ಅಲ್ಲಿ ಇಳಿಯುವುದಕ್ಕೆ 24ರಿಂದ 120 ಗಂಟೆ ಮುಂಚೆ. ವಿಮಾನದಲ್ಲಿ ಬರುವುದು ಕಾರ್ಗೋ ಆಗಿ. ಅಕ್ಕನಿಗೆ ಎಲ್ಲ ಸೇರಿ ಆರು ತಿಂಗಳು ಹಿಡಿಯಿತು. ಅಲ್ಲಿ ಹೊರಗೆ ಹೋಗುವಾಗ ಕೊರಳಪಟ್ಟಿಯ ಮೇಲೆ ಮಾಲೀಕರ ಹೆಸರು, ವಿಳಾಸ ಇರಲೇಬೇಕು, ಚಿಪ್ ಇದ್ದರೂ ಸಾಲದು.

ಅಕ್ಟೋಬರ್ ಕೊನೆಗೆ ಹೋಗುವವರಿಗೆ ಇನ್ನೊಂದು ಮಾತು. ನಮ್ಮ ದೀಪಾವಳಿ ಪಟಾಕಿ ಒಂದು ಕಡೆ, ನವೆಂಬರ್ 5ರ ಅವರ ಪಟಾಕಿ ಹಬ್ಬ ಇನ್ನೊಂದು ಕಡೆ, ನಡುವಿನ ದಿನಗಳಲ್ಲೂ ಕತ್ತಲಾದರೆ ಸದ್ದು ನಿಲ್ಲುವುದಿಲ್ಲ. ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಆಮೇಲೆ ಐದು ಗಂಟೆಗೆಲ್ಲಾ ಕತ್ತಲು. ಆ ದಿನಗಳಲ್ಲಿ ಪಬ್ ತೆರೆಯುವ ಹೊತ್ತಿಗೇ ಹೋಗಿ, ಮೂರಕ್ಕೆ ರೈಲು ಹಿಡಿದು ಮನೆ ಸೇರಿಬಿಡಿ.